ಭೂಪಟದ ರಟ್ಟಿನೊಳಗಿನ ಎಂಟು ಪುಟ

ಗ್ರಂಥಾಲಯದ ಅಪರೂಪದ ಪುಸ್ತಕಗಳ ಕೋಣೆಗೆ ಬೈಂಡರನ ಹೆಂಡತಿ ಬರತೊಡಗಿ ಅಂದಿಗೆ ನಾಲ್ಕು ದಿನ. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಇಲ್ಲಿಯ ಪುಸ್ತಕಗಳಿಗೆ ನಲವತ್ತು ವರ್ಷ ರಟ್ಟು ಕಟ್ಟಿದವನು ಅವನು. ಅವನ ದಿನಚರಿಗಳನ್ನು ಈಗ ಗ್ರಂಥಾಲಯವೇ ಕೇಳಿ ತೆಗೆದುಕೊಂಡಿತ್ತು. ಅಕ್ಷರವೋ, ಇರುವೆ ಸಾಲು. ಓದಿ ಹೇಳಲು ಅವಳೇ ಬೇಕಾಯಿತು.

ಮೊದಲ ದಿನವೇ ಅವಳ ಕಣ್ಣಿಗೆ ಗ್ರಂಥಾಲಯದ ಪಟ್ಟಿಯ ಒಂದು ಚೀಟಿ ಬಿದ್ದಿತ್ತು. ಹಳೆಯ ಪ್ರಾರ್ಥನೆಗಳ ಪುಸ್ತಕದ್ದು. ಬೇರೆಲ್ಲೂ ಅದರ ಪ್ರತಿಯಿಲ್ಲ. ಕೆಳಗೆ ‘ಕೊನೆಯ ಎಂಟು ಪುಟ ಬೈಂಡರನ ಅಜಾಗರೂಕತೆಯಿಂದ ಕಳೆದಿವೆ’ ಎಂದಿತ್ತು. ಸೂಜಿ ಕಳೆದರೂ ಊಟ ಬಿಟ್ಟು ಹುಡುಕುತ್ತಿದ್ದ ಮನುಷ್ಯನ ಮೇಲೆ ಈ ಮಾತು. ಅದನ್ನು ಅಳಿಸುವವರೆಗೆ ನನ್ನನ್ನು ಕರೆಸಿಕೊಳ್ಳಬೇಡ ಎಂದು ಅವಳು ದೇವರಿಗೆ ಹೇಳಿಟ್ಟಿದ್ದಳು.

ಆ ಪುಟಗಳು ಕಾಣೆಯಾದ ವರ್ಷದ ದಿನಚರಿ ಇಂದು ಕೈಗೆ ಬಂತು. ಬೆರಳಿಟ್ಟು ಓದಿದಳು: ‘ಪ್ರಾರ್ಥನೆ ಪುಸ್ತಕದ ಕೊನೆಯ ನಾಲ್ಕು ಹಾಳೆ ಬಿಡಿಸಿ, ಹರುಕು ಸರಿಮಾಡಿ, ಮೇಜಿನ ಮೇಲೆ ಒಣಗಲು ಇಟ್ಟೆ. ಮಗುವಿಗೆ ಜ್ವರ ಬಿಟ್ಟಿಲ್ಲ. ದೊಡ್ಡ ಭೂಪಟದ ಪುಸ್ತಕದ ರಟ್ಟಿಗೆ ರದ್ದಿ ಕಾಗದ ಇವಳೇ ಎತ್ತಿಕೊಟ್ಟಳು.’ ಮರುದಿನ: ‘ನಾಲ್ಕು ಹಾಳೆ ಎಲ್ಲೂ ಇಲ್ಲ.’

ಅವಳ ಬೆರಳು ‘ಇವಳೇ’ ಎಂಬ ಮಾತಿಗೆ ಹಿಂದಿರುಗಿತು. ರಟ್ಟು ದಪ್ಪವಾಗಲೆಂದು ರದ್ದಿ ಕಾಗದವನ್ನು ಒಂದರ ಮೇಲೊಂದು ಅಂಟಿಸುವುದು ಅವರ ಮನೆಯ ಪದ್ಧತಿ. ನಿದ್ದೆಗೆಟ್ಟ ಕಣ್ಣಲ್ಲಿ ಅವಳು ಮೇಜಿನ ಮೇಲಿದ್ದುದನ್ನೆಲ್ಲ ಬಾಚಿ ಕೊಟ್ಟಿದ್ದಳು.

“ಆ ಭೂಪಟದ ಪುಸ್ತಕ ಇದೆಯಾ, ತಾಯಿ?”

“ಇದೆ ಅಜ್ಜಿ,” ಎಂದಳು ಕೋಣೆಯ ಮೇಲ್ವಿಚಾರಕಿ.

“ಅದರ ರಟ್ಟು ಬಿಚ್ಚಬೇಕು. ಆ ಎಂಟು ಪುಟ ಅದರೊಳಗಿದೆ.”

“ಒಳ್ಳೇ ಕಥೆ ಆಯ್ತು. ಗಟ್ಟಿಯಾಗಿರೋ ಪುಸ್ತಕ ಬಿಚ್ಚಿದ್ರೆ ನನ್ನ ಕೆಲಸಕ್ಕೇ ಕುತ್ತು. ಒಳಗೆ ಏನೂ ಇಲ್ದಿದ್ರೆ?”

“ಮುದುಕಿಗೆ ಅರಳುಮರಳು ಅಂತ ಬರ್ಕೋ. ಬಿಚ್ಚೋದೂ ನಾನೇ, ಕಟ್ಟೋದೂ ನಾನೇ. ಆ ಅಂಟು ಕಾಸಿದ್ದು ಈ ಕೈ ಕಣೇ. ಒದ್ದೆ ಬಟ್ಟೆ ಹಾಕಿದ್ರೆ ಕರಗುತ್ತೆ. ನೀನು ಯಾವುದಕ್ಕೆ ಕರಗ್ತೀಯೋ ಅದೊಂದು ಗೊತ್ತಿಲ್ಲ.”

ಮೇಲ್ವಿಚಾರಕಿ ನಕ್ಕು ಎದ್ದಳು. ಮೇಲಿನವರ ಒಪ್ಪಿಗೆ ತರಲು ಅರ್ಧ ದಿನ ಹಿಡಿಯಿತು.

ಒದ್ದೆ ಬಟ್ಟೆ ಹಾಸಿ ಕಾದು, ಮುದುಕಿ ಮೊಂಡು ಚಾಕುವಿನಿಂದ ಅಂಚು ಎಬ್ಬಿಸಿದಳು. ಮೊದಲ ಪದರ ಹಳೆಯ ಪತ್ರಿಕೆ. ಎರಡನೆಯದೂ ಅದೇ. ಮೂರನೆಯದರಲ್ಲಿ ದಪ್ಪ ಅಕ್ಷರ ಕಂಡಿತು.

“ನೂರ ಐವತ್ತಮೂರನೇ ಪುಟ,” ಎಂದು ಮೇಲ್ವಿಚಾರಕಿ ಬಗ್ಗಿ ಓದಿದಳು. “ನಮ್ಮ ಪ್ರತಿ ನೂರ ಐವತ್ತೆರಡಕ್ಕೇ ನಿಂತಿದೆ, ಅಜ್ಜಿ.”

ಒಂದರ ಹಿಂದೊಂದು ನಾಲ್ಕೂ ಹಾಳೆ ಬಂದವು, ಒಂದಕ್ಷರ ಅಳಿಯದೆ.

“ಚೀಟೀಲಿ ‘ಪುಟಗಳು ದೊರೆತಿವೆ’ ಅಂತ ಬರೀತೀನಿ.”

“ಸಾಲದು. ಕಳೆದದ್ದು ಬೈಂಡರನಲ್ಲ, ಅವನ ಹೆಂಡತಿ. ಹುಡುಕಿದ್ದೂ ಅವಳೇ ಅಂತ ಬರಿ.”

“ನಿಮ್ಮ ಮೇಲೆ ಬರುತ್ತಲ್ಲ?”

“ಬರಲಿ. ಇಷ್ಟು ವರ್ಷ ಅವರು ಹೊತ್ತಿದ್ದು ನನ್ನದನ್ನೇ.”

ಗಂಡನಿಗೆ ಗೊತ್ತೇ ಇರಲಿಲ್ಲವೋ, ಗೊತ್ತಿದ್ದೂ ಬಾಯಿ ಬಿಡಲಿಲ್ಲವೋ, ದೇವರೇ ಬಲ್ಲ. ಮೇಲ್ವಿಚಾರಕಿ ಹೇಳಿದಂತೆಯೇ ಬರೆದಳು. ಮುದುಕಿ ಕನ್ನಡಕ ಒರೆಸಿಕೊಂಡು ಎದ್ದು ನಿಂತು, ಕೊನೆಯ ಪುಟದ ಪ್ರಾರ್ಥನೆಯನ್ನು ಮೊದಲಿನಿಂದ ತುದಿಯವರೆಗೆ ಗಟ್ಟಿಯಾಗಿ ಓದಿದಳು. ಪಿಸುಮಾತಿಗೂ ಗದರುವ ಆ ಕೋಣೆಯಲ್ಲಿ ಅಂದು ಯಾರೂ ಅವಳನ್ನು ತಡೆಯಲಿಲ್ಲ.