ಕಾಯದ ಗಾಡಿ

ಬಿಸಿಲ ಸೀಮೆಯ ಡ್ರೈವರನಿಗೆ ಇಂಜಿನ್ ಕಾಯುವುದೆಂದರೆ ಯಮನೇ ಎದುರು ಬಂದು ನಿಂತಂತೆ. ಮುದ್ದೇಬಿಹಾಳದ ಅರಳೆ ವ್ಯಾಪಾರಿ ಗುರುಲಿಂಗಪ್ಪನ ಬಳಿ ಬಂದಗಿಸಾಬ ಇಷ್ಟು ವರ್ಷ ಸ್ಟಿಯರಿಂಗ್ ಹಿಡಿದದ್ದು ಗಾಡಿ ತಂಪಾಗಿರಲಿ ಎಂಬ ಒಂದೇ ಧ್ಯಾನದಲ್ಲಿ. ಅಂಥವನು ಎಪ್ಪತ್ತಾರನೇ ಇಸವಿಯ ಎಳ್ಳಮಾಸಿ ಹಬ್ಬದ ಚಳಿಯ ಮುಂಜಾನೆ, ನಿಡಗುಂದಿ ದಾಟಿದ ರಸ್ತೆಯಲ್ಲಿ, ಇಂಜಿನ್ನಿನ ಕಾವು ತೋರಿಸುವ ಮುಳ್ಳು ಒಂದಿಷ್ಟಾದರೂ ಮೇಲೇಳಲಿ ಎಂದು ಕಣ್ಣು ನೆಟ್ಟು ಕೂತಿದ್ದ. ಮುಳ್ಳು ಮಾತ್ರ ತಳ ಬಿಟ್ಟು ಕದಲಲಿಲ್ಲ.

ಹಿಂದಿನ ಸೀಟಿನಲ್ಲಿ ಗುರುಲಿಂಗಪ್ಪನ ಮಗಳು ಕಸ್ತೂರೆವ್ವ ಒರಗಿದ್ದಳು. ಅವಳ ಎದೆಯ ಮೇಲೆ ಹಿಂದಿನ ಸಂಜೆ ಹುಟ್ಟಿದ, ನವಮಾಸ ತುಂಬದ ಗಂಡು ಕೂಸು. ಅಳುವುದು ಹಾಗಿರಲಿ, ಅದು ಸರಿಯಾಗಿ ಬಾಯಿಯನ್ನೇ ತೆರೆದಿರಲಿಲ್ಲ. ತಾಯಿ ಮಗುವಿನ ಮೇಲೆ ದಪ್ಪ ಕೌದಿ ಹೊದಿಸಿ ಪಕ್ಕದಲ್ಲಿ ಕೂಸಿನ ಅಜ್ಜಿ ಸಿದ್ದವ್ವ ಕೂತಿದ್ದಳು. ಮುಂದೆ, ಬಂದಗಿಸಾಬನ ಪಕ್ಕ ಗುರುಲಿಂಗಪ್ಪ.

"ಕೂಸಿಗೆ ತನ್ನ ಮೈಕಾವು ಇಲ್ಲ, ಹೊರಗಿನಿಂದ ಕೊಡಬೇಕು. ಬಿಜಾಪುರದ ದವಾಖಾನಿ ಮುಟ್ಟೋತನಕ ಥಂಡಿ ಆಗಗೊಡಬ್ಯಾಡ್ರಿ" ಎಂದು ಊರಿನ ಡಾಕ್ಟರು ಹೇಳಿ ಕಳಿಸಿದ್ದರು. ಬಿಸಿನೀರು ತುಂಬಿ ತಂದ ಬಾಟಲಿಗಳು ಆಗಲೇ ಆರಿದ್ದವು. ರಕ್ತ ಹೋಗಿದ್ದ ಕಸ್ತೂರೆವ್ವನ ಮೈಯೇ ಗಡಗಡ ನಡುಗುತ್ತಿತ್ತು. ಉಳಿದದ್ದು ಗಾಡಿಯ ಹೀಟರ್ ಒಂದೇ. ತನ್ನ ದೇಶಕ್ಕೆ ಮರಳಿ ಹೋದ ವಿದೇಶಿ ಇಂಜಿನಿಯರನೊಬ್ಬನಿಂದ ಗುರುಲಿಂಗಪ್ಪ ಈ ಗಾಡಿ ಕೊಂಡಾಗ, ಬಿಸಿಲ ನಾಡಿಗೆ ಹೀಟರೇ, ಬೋಳನಿಗೆ ಬಾಚಣಿಗೆ ಯಾಕಂತೆ ಎಂದು ಸಂತೆಯಲ್ಲಿ ಎಲ್ಲರೂ ನಕ್ಕಿದ್ದರು. ಇವತ್ತು ಆ ಬಾಚಣಿಗೆಯೇ ಬೇಕಾಗಿತ್ತು.

ಸಿದ್ದವ್ವ ಕೌದಿಯೊಳಗೆ ಕೈ ಹಾಕಿ ನೋಡಿದಳು. "ಅಂಗಾಲು ಹಿಮದಂಗ ಆಗ್ಯಾವು. ನಿನ್ನ ಹೀಟರ್ ಥಂಡಿ ಗಾಳಿ ಉಗಳಾಕತ್ತೈತಲ್ಲೋ ಬಂದಗಿ!"

ಬಂದಗಿಸಾಬ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ. ಇಂಜಿನ್ ಓಡುತ್ತಲೇ ಇತ್ತು. ಒಳಗೆ ಗಾಳಿಯೇನೋ ಬೀಸುತ್ತಿದೆ, ಅಂದಮೇಲೆ ಹೀಟರಿಗೆ ಬಿಸಿನೀರು ಹೋಗುತ್ತಿಲ್ಲ ಎಂದುಕೊಂಡ. ನೀರು ಬಿಡುವ ಪುಟ್ಟ ನಲ್ಲಿ ತುಕ್ಕು ಹಿಡಿದು ಕೂತಿತ್ತು. ಇಕ್ಕಳದಿಂದ ತಿರುಚಿದ. ಬೆರಳು ತರಚಿ ರಕ್ತ ಬಂತು, ನಲ್ಲಿ ತೆರೆಯಿತು. ಹೀಟರಿಗೆ ಹೋಗುವ ರಬ್ಬರ್ ಪೈಪನ್ನೂ ವಾಪಸು ಬರುವ ಪೈಪನ್ನೂ ಒಟ್ಟಿಗೆ ಹಿಡಿದು ನೋಡಿದ. ನೀರು ಓಡುತ್ತಿತ್ತು. ಆದರೆ ಎರಡೂ ಒಂದೇ ಸಮ ಉಗುರುಬೆಚ್ಚಗೆ. ತಪ್ಪು ಹೀಟರಿನದಲ್ಲ, ಬರುವ ನೀರೇ ಕಾದಿಲ್ಲ.

ಯಾಕೆ ಕಾದಿಲ್ಲ ಎಂಬುದು ಹೊಳೆದೊಡನೆ ಅವನು ಇಕ್ಕಳ ಕೆಳಗಿಟ್ಟ.

ನೀರು ಕಾಯುವ ತನಕ ಅದನ್ನು ಆರಿಸುವ ರೇಡಿಯೇಟರಿನ ದಾರಿ ಮುಚ್ಚಿಕೊಂಡಿರಲೆಂದು ಇಂಜಿನ್ನಿನ ನೆತ್ತಿಯಲ್ಲಿ ಒಂದು ವಾಲ್ವ್ ಇರುತ್ತದೆ, ಡ್ರೈವರರ ಬಾಯಲ್ಲಿ ವಾಲು. ಹೊಸ ಗಾಡಿ ಬಂತೆಂದರೆ ಇಂಡಿ ತಾಲೂಕಿನಿಂದ ಮುದ್ದೇಬಿಹಾಳದ ತನಕ ಡ್ರೈವರರು ಮಾಡುವ ಮೊದಲ ಕೆಲಸವೇ ಅದನ್ನು ಕಿತ್ತುಹಾಕುವುದು. ನೀರು ತಡೆಯಿಲ್ಲದೆ ತಿರುಗಿದರೆ ಗಾಡಿ ತಂಪು, ಮಾಲೀಕನ ತಲೆಯೂ ತಂಪು. ಬಂದಗಿಸಾಬನೂ ಕಿತ್ತಿದ್ದ. ಈಗ ರೇಡಿಯೇಟರಿಗೆ ಬಡಿಯುತ್ತಿದ್ದ ಚಳಿಗಾಳಿ ನೀರನ್ನು ಕಾಯಗೊಡದೆ ಆರಿಸುತ್ತಿತ್ತು.

"ಸಾವ್ಕಾರ್ರ, ತಪ್ಪು ನಂದೈತ್ರಿ. ಕಾವು ಹಿಡಿಯೋ ವಾಲು ನಾನ ತಗದೇನ್ರಿ."

"ಎಲ್ಲೈತದು?" ಗುರುಲಿಂಗಪ್ಪ ಇಳಿದು ಬಂದ.

"ಒಗದೇನ್ರಿ."

ಗುರುಲಿಂಗಪ್ಪನ ಕೈ ಮೇಲೆದ್ದಿತು. ಬಂದಗಿಸಾಬ ಮುಖ ತಿರುಗಿಸಲಿಲ್ಲ. ಹೊಡೆದರೆ ಒಳ್ಳೆಯದೇ ಅನಿಸಿತು. ಆದರೆ ಆ ಕೈ ಅರ್ಧಕ್ಕೆ ನಿಂತು, ಹೆಗಲ ಮೇಲಿನ ಶಾಲನ್ನು ಎಳೆದು ಅವನತ್ತ ಒಗೆಯಿತು. "ಏನರ ಮಾಡು. ಮುಚ್ಚು ಅದನ್ನ."

ರೇಡಿಯೇಟರಿನ ಮುಂದೆ ಶಾಲು ಕಟ್ಟಿ ಓಡಿಸಿದ. ತೆಳು ಶಾಲು, ಗಾಳಿ ಸೀಳಿಕೊಂಡು ನುಗ್ಗಿತು. ಮುಳ್ಳು ಕದಲಲಿಲ್ಲ. ಹಬ್ಬದ ದಿನ, ದಾರಿಗುಂಟ ಎತ್ತಿನ ಗಾಡಿಗಳಲ್ಲಿ ಜನ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೊರಟಿದ್ದರು. ಬುಟ್ಟಿಗಳಲ್ಲಿ ರೊಟ್ಟಿ, ಪಲ್ಲೆ. ದಪ್ಪ ಬಟ್ಟೆ ಯಾರ ಬಳಿಯೂ ಕಾಣಲಿಲ್ಲ. ಬಂದಗಿಸಾಬ ಮತ್ತೆ ನಿಲ್ಲಿಸಿ ಹಿಂದಿನ ಬಾಗಿಲು ತೆರೆದ.

"ಅವ್ವಾರ, ಕೌದಿ ಕೊಡ್ರಿ."

ಸಿದ್ದವ್ವ ಹುಲಿಯಾದಳು. "ಬಾಣಂತಿ ಮ್ಯಾಲಿನ ಕೌದಿ ಕಬ್ಬಿಣಕ್ಕ ಹೊದಸ್ತೀಯೇನು? ನಿನ್ನ ತಲಿ ನೆಟ್ಟಗೈತೇನು?"

"ಡಾಕ್ಟರು ಹೇಳಿದ್ದು ಕೇಳಿದ್ರಲ್ಲರಿ? ಕೂಸಿಗೆ ಕಾವ ಇಲ್ಲ. ಕೌದಿ ಏನು ತಾನ ಕಾವು ಹುಟ್ಟಸ್ತೈತೇನ್ರಿ? ಕಾವು ಇದ್ದದ್ದಕ್ಕ ಹೊದಸ್ಬೇಕ್ರಿ. ಇಲ್ಲಿ ಕಾವು ಇರೋದು ಇಂಜಿನ್ನಿಗೆ ಒಂದ."

"ಆಗಲಿಲ್ಲಂದ್ರ?"

ಕಸ್ತೂರೆವ್ವ ಕಣ್ಣು ತೆರೆದು, ತಾನೇ ಕೌದಿಯನ್ನು ಸರಿಸಿ ಅವನ ಕಡೆ ನೂಕಿದಳು. ಸಿದ್ದವ್ವ ಸೆರಗು ಬಿಚ್ಚಿ ಮಗಳ ಮೇಲೆ ಹರವಿ, ಇಬ್ಬರನ್ನೂ ತಬ್ಬಿಕೊಂಡು ಕೂತಳು.

ಕೌದಿಯನ್ನು ಮಡಿಚಿ ರೇಡಿಯೇಟರಿಗೆ ಹಗ್ಗದಿಂದ ಬಿಗಿದು ಗಾಡಿ ಹೊರಡಿಸಿದ. ಹಿಂದಿನಿಂದ ಸಿದ್ದವ್ವನ ಮೊರೆ ಕೇಳುತ್ತಿತ್ತು, "ಕಾಯೋ ಬಸವಣ್ಣಾ, ಕಾಯೋ ನಮ್ಮಪ್ಪಾ." ಬಂದಗಿಸಾಬನೂ ಮುಳ್ಳು ನೋಡುತ್ತ "ಕಾಯೋ, ಕಾಯೋ" ಅನ್ನುತ್ತಿದ್ದ. ಅವಳು ದೇವರಿಗೆ ಅಂದದ್ದು, ಇವನು ಇಂಜಿನ್ನಿಗೆ ಅಂದದ್ದು, ಕೇಳಿದ ಗುರುಲಿಂಗಪ್ಪನಿಗೆ ಎರಡೂ ಒಂದೇ ಆಗಿತ್ತು.

ಬಾಗೇವಾಡಿಯ ದಾರಿ ಕವಲೊಡೆಯುವಲ್ಲಿ ಮುಳ್ಳು ಅಲುಗಿತು. ಆಮೇಲೆ ಏರಿತು. ಕಾಲ ಬಳಿಯ ಗಾಳಿ ಮೊದಲು ಬೆಚ್ಚಗೆ, ಆಮೇಲೆ ಬಿಸಿಯಾಗಿ ಬಂತು. ಗಾಜಿನ ಮಂಜು ಕರಗಿತು. ಆದರೆ ಮುಳ್ಳು ನಿಲ್ಲಲಿಲ್ಲ, ಕೆಂಪು ಗೆರೆಯತ್ತ ನಡೆಯಿತು. ಇಂಜಿನ್ ಅತಿಯಾಗಿ ಕಾದು ಹಿಡಿದುಕೊಂಡು ನಿಂತರೆ ನಡುದಾರಿಯಲ್ಲೇ ಎಲ್ಲ ಮುಗಿದಂತೆ. ಗಕ್ಕನೆ ನಿಲ್ಲಿಸಿ ಇಳಿದು, ಕೌದಿಯ ಒಂದು ಮೂಲೆಯನ್ನಷ್ಟೇ ಎತ್ತಿ ಕಟ್ಟಿದ. ಪೂರ್ತಿ ತೆಗೆಯಲು ಧೈರ್ಯವಾಗಲಿಲ್ಲ, ಪೂರ್ತಿ ಬಿಡಲೂ ಆಗಲಿಲ್ಲ. ಹೊರಟ ಮೇಲೆ ಮುಳ್ಳು ಗೆರೆಯ ಕೆಳಗೆ ತಡವರಿಸಿ ನಿಂತಿತು.

ಮನಗೂಳಿ ಸಮೀಪಿಸುವಾಗ ಹಿಂದಿನಿಂದ ಬೆಕ್ಕಿನ ಮರಿ ಕೂಗಿದಂಥ ಸಣ್ಣ ದನಿ ಬಂತು. ಒಮ್ಮೆ ನಿಂತು ಮತ್ತೆ ಬಂತು. ನೋಡನೋಡುತ್ತ ಗಾಡಿ ತುಂಬ ಕಿರುಚಾಟವಾಯಿತು.

ಯಾರೂ ರಮಿಸಲಿಲ್ಲ. "ಅಳು ನನ್ನಪ್ಪಾ, ಇನ್ನಷ್ಟು ಜೋರ ಅಳು" ಎಂದು ಸಿದ್ದವ್ವ ತಾನೂ ಅತ್ತಳು. ಬಂದಗಿಸಾಬನಿಗೆ ರಸ್ತೆ ಮಂಜಾಗಿ ಕಂಡಿತು. ಗಾಜು ಒರೆಸಲು ಹೋದ. ಗಾಜು ಸ್ವಚ್ಛವಾಗಿಯೇ ಇತ್ತು.