ಆಡಿಟ್ ದಿನದ ಹಾಜರಿ

"ಹತ್ತೇ ಮೇಲೆ, ಮೊಂಡಗೈ ಮುಂಡೇದೇ! ಆಡಿಟರ್ ಕಾರು ಗೇಟಿಗೆ ಬಂತು," ಎಂದು ಇಂದುಶೇಖರ ಕೈಯಲ್ಲಿದ್ದ ಫೈಲಿನಿಂದ ಶಾಂತಮ್ಮನ ಬೆನ್ನಿಗೆ ತಿವಿದ.

ದೆಹಲಿಯಂಚಿನ ಬವಾನಾದ ಆ ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಹಾಕುವ ಬಿಜಾಗರಿ ಒತ್ತುತ್ತಾರೆ. ಇಂದುಶೇಖರ ಅಲ್ಲಿಯ ಕ್ವಾಲಿಟಿ ಮ್ಯಾನೇಜರ್, ತುಮಕೂರಿನವನು. ಉಳಿದವರನ್ನೆಲ್ಲ ಹಿಂದಿಯಲ್ಲಿ ಬಯ್ಯುತ್ತಿದ್ದ. ಯಾದಗಿರಿಯಿಂದ ಬಂದ ಶಾಂತಮ್ಮನಿಗೂ ಗೋಪಾಲನಿಗೂ ಮಾತ್ರ ಕನ್ನಡದಲ್ಲಿ.

ಅವಳ ಹಿಂದೆ ಗೋಪಾಲನೂ ಸೇರಿ ಇನ್ನೂ ಏಳು ಜನ ಮೆಟ್ಟಿಲು ಹತ್ತುತ್ತಿದ್ದರು. ಎಲ್ಲರ ಕೈಯಲ್ಲೂ ಬೆರಳು ಕಡಿಮೆ.

"ಸಾಹೇಬ್ರ, ನನ್ನ ಕಾಗದಾ?" ಶಾಂತಮ್ಮ ಅರ್ಧದಲ್ಲಿ ನಿಂತಳು. "ಇಎಸ್ಐ ದವಾಖಾನ್ಯಾಗ ಕೇಳ್ಲಕತ್ತಾರ. ಬೆರಳ ಇಲ್ಲೇ ಪ್ರೆಸ್ಸಿನ್ಯಾಗ ಹೋದ್ವು ಅಂತ ನೀವು ಬರಕೊಟ್ರ ಪಿಂಚಣಿ ಹಚ್ತಾರಂತ್ರೀ."

"ಬರೆದಿದೀನಲ್ಲ? ಮನೇಲಿ ಬದನೆಕಾಯಿ ಹೆಚ್ಚೋವಾಗ ಆಯ್ತು ಅಂತ."

"ಬದನಿಕಾಯಿ ಹೆಚ್ಚಿದ್ರ ಮೂರು ಬೆರಳ ಒಮ್ಮಿಗೇ ಹೋಗ್ತಾವೇನ್ರೀ?"

"ಬಾಯ್ ಮುಚ್ಚು. ಇವತ್ತು ಸೇಫ್ಟಿ ಸರ್ಟಿಫಿಕೇಟ್ ಹೋದ್ರೆ ಆರ್ಡರೂ ಹೋಗುತ್ತೆ. ಆಮೇಲೆ ಮಗಳಿಗೆ ಮಣ್ಣು ತಿನ್ನಿಸ್ತೀಯಾ? ಚಲೋ!"

ಎಂಟೂ ಜನ ಮೇಲೆ ಹೋದ ಕೂಡಲೇ ಛಾವಣಿಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.

ಜೂನ್ ತಿಂಗಳ ಸಿಮೆಂಟು ಅಂಗಾಲು ಸುಡುತ್ತಿತ್ತು. ಮೊದಲ ಸಲ ಸರ್ಟಿಫಿಕೇಟ್ ಬಂದ ವರ್ಷವೇ ಆರ್ಡರು ಎರಡರಷ್ಟಾಗಿತ್ತು. ಪ್ರೆಸ್ಸುಗಳು ಮಾತ್ರ ಆರೇ. ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಸೆನ್ಸರುಗಳಿಂದ ಕೆಲಸ ನಿಧಾನವೆಂದು ಅವನ್ನು ಬಿಚ್ಚಿ ಸ್ಟೋರಿಗೆ ಹಾಕಿದ್ದರು. ಇಂದು ಬೆಳಿಗ್ಗೆ ಒರೆಸಿ ಮತ್ತೆ ಕೂರಿಸಿದ್ದಾರೆ. ಶಾಂತಮ್ಮನಿಗೆ ಈಗ ಮಗಳ ಜಡೆ ಹೆಣೆಯಲು ಬಾರದು. ಆ ಮಗು "ಕಟ್ಟಿಂಗೇ ಮಾಡ್ಸಮ್ಮಾ, ಮುಝೇ ಅಚ್ಛಾ ಲಗತಾ ಹೈ," ಎಂದು, ಅದೇ ತನಗಿಷ್ಟವೆಂಬ ಸುಳ್ಳು ಹೇಳಿ ಸೊಂಟದುದ್ದದ ಕೂದಲು ಕತ್ತರಿಸಿಕೊಂಡಿತ್ತು.

ಸೈರನ್ ಕೂಗಿತು.

"ಬೆಂಕಿ ಬಿದ್ದದ!" ಗೋಪಾಲ ಬಾಗಿಲಿಗೆ ಒದ್ದ. ಮತ್ತೆ ಒದ್ದ. ಯಾರೂ ತೆಗೆಯಲಿಲ್ಲ. ಶಾಂತಮ್ಮ ಓಡಿ ಛಾವಣಿಯಂಚಿನ ಗೋಡೆಯಿಂದ ಬಗ್ಗಿದಳು. ಹೊಗೆ ಇರಲಿಲ್ಲ. ಅಂಗಳದಲ್ಲಿ ಕೆಲಸದವರು ಹೊಸ ಕಿತ್ತಳೆ ಜಾಕೆಟ್ ತೊಟ್ಟು ಸಾಲಾಗಿ ನಿಂತಿದ್ದರು. ಬೆಂಕಿ ಬಿದ್ದರೆ ಹೇಗೆ ಹೊರಗೆ ಬರಬೇಕೆಂದು ಆಡಿಟರಿಗೆ ತೋರಿಸುತ್ತಿದ್ದರು. ಇಂದುಶೇಖರ ಒಬ್ಬೊಬ್ಬರ ಹೆಸರು ಕೂಗಿದ. ಐವತ್ತು ಜನರ ಹಾಜರಿ ನಲವತ್ತೆರಡಕ್ಕೆ ಮುಗಿಯಿತು.

"ಎವ್ರಿಬಡಿ ಔಟ್, ಸರ್. ಹಂಡ್ರೆಡ್ ಪರ್ಸೆಂಟ್."

ಆಡಿಟರ್ ಹಾಳೆಯ ಮೇಲೆ ಗುರುತು ಹಾಕಿದ.

ಗೋಪಾಲ ನಕ್ಕ. "ನಾವಿಲ್ಲಿ ಸುಟ್ಟು ಬೂದಿ ಆದ್ರೂ ಅವ್ರ ಲೆಕ್ಕ ಬರೋಬ್ಬರಿ ಆಗ್ತದ ನೋಡಬೇ ಅಕ್ಕಾ."

ಶಾಂತಮ್ಮ ನಗಲಿಲ್ಲ. ಮೂರು ಬೆರಳು ಹೋದ ಬಲಗೈ ಮೇಲೆತ್ತಿ, ತನಗೆ ಬರುವಷ್ಟು ಹಿಂದಿಯಲ್ಲಿ, ಎದೆ ಬಿರಿಯುವಂತೆ ಕೂಗಿದಳು:

"ಹಾಜರ್, ಸಾಬ್! ಶಾಂತಮ್ಮ! ತೀನ್ ನಂಬರ್ ಪ್ರೆಸ್, ತೀನ್ ಉಂಗ್ಲೀ!"

ಕೆಳಗೆ ಸಾಲಿನಲ್ಲಿದ್ದ ಕೆಲಸದವರೆಲ್ಲ ತಲೆ ಎತ್ತಿದರು. ಇಂದುಶೇಖರ ಆಡಿಟರ್ ಮುಂದೆ ಅಡ್ಡ ಬಂದು, "ಪಕ್ಕದ ಬಿಲ್ಡಿಂಗಿನ ಹುಚ್ಚಿ, ಸರ್," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ. ಆಮೇಲೆ ಮೇಲೆ ನೋಡಿ ಕನ್ನಡದಲ್ಲಿ ಅರಚಿದ: "ಇಳಿಯೇ ಕೆಳಗೆ, ರಂಡೆ! ಇವತ್ತಿಗೆ ನಿನ್ನ ಕೆಲಸ ಮುಗೀತು!"

"ಹೆಂಗ ಇಳೀಲೋ ಭಾಡ್ಯಾ? ಚಿಲಕ ನೀನೇ ಹಾಕೀದೀ!"

ಗೋಪಾಲ ಅವಳ ಪಕ್ಕ ಬಂದು ನಿಂತ.

"ಹಾಜರ್, ಸಾಬ್! ಗೋಪಾಲ! ಏಕ್ ನಂಬರ್ ಪ್ರೆಸ್, ದೋ ಉಂಗ್ಲೀ!"

ಆಡಿಟರ್ ತಲೆ ಎತ್ತದೆ ಹಾಳೆ ತಿರುವಿದ. ಛಾವಣಿಯಂಚಿನಲ್ಲಿ ಮೂರನೆಯ ಕೈ ಎದ್ದಿತು.