ಒಂದನೇ ಬಟನ್

ಕ್ರಿಸ್‌ಮಸ್ ಮುಗಿದಾಗಿನಿಂದ ವೆಗಾರ್‌ನ ಹಳೇ ವೋಲ್ವೋದ ರೇಡಿಯೋ ಊರ ಸ್ಟೇಷನ್ ಒಂದು ಬಿಟ್ಟರೆ ಬರೀ ಭುಸುಗುಡುತ್ತಿತ್ತು. ಅದೇನು ಕೆಟ್ಟಿರಲಿಲ್ಲ. ಓಸ್ಲೋದಲ್ಲಿ ಕೂತವರು ಎಫ್‌ಎಂ ಕಾಲ ಮುಗಿಯಿತೆಂದು ದೊಡ್ಡ ಸ್ಟೇಷನ್ನುಗಳನ್ನೆಲ್ಲ ಡಿಜಿಟಲ್‌ಗೆ ಸಾಗಿಸಿ, ನಾರ್ವೆಯ ಬಡವರ ಕಾರುಗಳ ಬಾಯಿ ಕಟ್ಟಿದ್ದರು. ಊರೂರಿನ ಚಿಕ್ಕ ರೇಡಿಯೋಗಳನ್ನು ಮಾತ್ರ, ದೊಡ್ಡ ಉಪಕಾರ ಮಾಡಿದವರಂತೆ, ಎಫ್‌ಎಂನಲ್ಲೇ ಬಿಟ್ಟಿದ್ದರು.

ಅಂಥದ್ದೊಂದು ಊರ ರೇಡಿಯೋದಲ್ಲಿ ಅವನ ಅಮ್ಮ ಸಿನ್ನೆವೆ ಮಂಗಳವಾರ ಸಂಜೆ ಬಿಂಗೋ ಅಂಕಿ ಓದುತ್ತಿದ್ದಳು. ಜನ ಅಂಗಡಿಯಿಂದ ಬಿಂಗೋ ಪುಸ್ತಕ ತಂದು, ಕೇಳಿದ ಅಂಕಿಗೆ ಗೀಟು ಹಾಕುತ್ತ ಕೂರುವುದು, ಸಾಲು ತುಂಬಿದವರು ತಕ್ಷಣ ಸ್ಟುಡಿಯೋದಲ್ಲಿದ್ದ ಅವಳಿಗೆ ಫೋನು ಮಾಡುವುದು. ಎಷ್ಟೋ ವರ್ಷದಿಂದ ನಡೆದುಬಂದದ್ದು. ಈ ಚಳಿಗಾಲ ಮನೆಗಳಲ್ಲಿ ಹಳೇ ರೇಡಿಯೋ ಮೂಲೆ ಸೇರಿದಾಗ, ‘ಕಾರಲ್ಲಾದ್ರೂ ಕೇಳ್ತಾರೆ ಬಿಡು’ ಎಂದಿದ್ದಳು. ಆಮೇಲೆ ಕಾರಿನಿಂದಲೂ ಫೋನು ಬರುವುದು ನಿಂತಿತು.

ಸೋಮವಾರ ಊಟಕ್ಕೆ ಕೂತಾಗ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಲೇ ಹೇಳಿದಳು: “ನಾಳೆಗೆ ಕೊನೆ. ನನ್ನ ಧ್ವನಿ ಜನಕ್ಕೆ ಸಾಕಾಗಿದೆ ಕಣೋ.”

ವೆಗಾರ್ ಮೇಜು ಗುದ್ದಿದ. ಮೀನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತುವ ಕೈ; ತಟ್ಟೆಗಳು ಹಾರಿದವು. ಗುದ್ದಬೇಕಾದ್ದು ಯಾರಿಗೆ ಎಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಮಂಗಳವಾರ ಕೆಲಸ ಮುಗಿಸಿ ಓಡ್ವಾರ್‌ನ ಗ್ಯಾರೇಜಿಗೆ ಹೋದ. ಕಾರಿನ ರೇಡಿಯೋ ಮಾರುವವನು, ಕೂರಿಸುವವನು ಕಡಲಿನ ಈಚೆ ದಡದಲ್ಲಿ ಅವನೊಬ್ಬನೇ.

“ಅಗ್ಗದ್ದು ಬೇಕು, ಡಿಜಿಟಲ್ ಬರಬೇಕು,” ಎಂದ ವೆಗಾರ್.

“ಅಗ್ಗದ್ದಕ್ಕೇ ಬರ್ತೀರಿ ಎಲ್ಲಾ,” ಎಂದು ಓಡ್ವಾರ್ ಎರಡು ಡಬ್ಬಿ ಮುಂದಿಟ್ಟ. “ಇದು ಪೂರಾ ಸೆಟ್ಟು, ಡಿಜಿಟಲ್ಲು, ಎಫ್‌ಎಂ ಎರಡೂ ಹಿಡಿಯತ್ತೆ. ಹಳೇದು ಕಿತ್ತು ಕೂರಿಸಬೇಕು. ಇನ್ನೊಂದು ಅಡಾಪ್ಟರು. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದ್ರೆ ಆಯ್ತು. ಹೊರಗಿಂದ ಡಿಜಿಟಲ್ ಹಿಡಿದು ನಿನ್ನ ಹಳೇ ರೇಡಿಯೋಕ್ಕೆ ಎಫ್‌ಎಂ ಮಾಡಿ ಉಣಿಸತ್ತೆ. ಅರ್ಧ ರೇಟು. ಊರೆಲ್ಲಾ ಇದನ್ನೇ ಒಯ್ದಿದೆ.”

“ಹಾಕಿ ತೋರಿಸು.”

ಓಡ್ವಾರ್ ವೋಲ್ವೋದೊಳಗೆ ತೂರಿಕೊಂಡ. “ನಿಮ್ಮಮ್ಮ ನಿಲ್ಲಿಸ್ತಾಳಂತಲ್ಲ? ಒಳ್ಳೇದೇ ಬಿಡು. ಅದೇ ಧ್ವನಿ ಎಷ್ಟು ವರ್ಷ ಅಂತ ಕೇಳೋದು. ಜನಕ್ಕೂ ಬೇಜಾರಾಗತ್ತೆ.” ಅಡಾಪ್ಟರು ಸಿಕ್ಕಿಸಿ, ಅದರ ಚಕ್ರ ತಿರುಗಿಸಿ, ರೇಡಿಯೋದ ಒಂದನೇ ಬಟನ್ ಒತ್ತಿದ. ಓಸ್ಲೋದ ಯಾವನೋ ಸ್ಪಷ್ಟವಾಗಿ ನಗತೊಡಗಿದ.

“ಒಂದನೇ ಬಟನ್‌ನಲ್ಲಿ ಊರ ರೇಡಿಯೋ ಇತ್ತು,” ಎಂದ ವೆಗಾರ್.

“ಎಲ್ಲರ ಕಾರಲ್ಲೂ ಅಲ್ಲೇ ಇರತ್ತೆ. ಅಡಾಪ್ಟರನ್ನೂ ಅದೇ ಫ್ರೀಕ್ವೆನ್ಸಿಗೆ ಕೂರಿಸಿಬಿಡ್ತೀನಿ, ಊರ ರೇಡಿಯೋ ಅದರಡಿ ಮುಚ್ಚಿಹೋಗತ್ತೆ. ಒತ್ತಿ ಒತ್ತಿ ರೂಢಿಯಾದ ಬಟನ್ನು. ಹೊಸದಾಗಿ ಕಲಿಸೋ ತಾಪತ್ರಯ ಇಲ್ಲ.”

“ಎಲ್ಲರಿಗೂ ಹೀಗೇ ಮಾಡಿದೀಯಾ?”

“ಮತ್ತೆ? ಅಲ್ಲಿ ಏನು ಬರತ್ತೆ ಮಾರಾಯ, ಬಿಂಗೋ, ಅಕಾರ್ಡಿಯನ್ನು. ಯಾರೂ ಕೇಳಲ್ಲ.”

ವೆಗಾರ್‌ಗೆ ಕಿವಿಯವರೆಗೆ ಬೆಂಕಿ ಹತ್ತಿತು. “ಹೇಗೆ ಕೇಳ್ತಾರೆ? ನೀನೇ ಅವಳ ಬಾಯಿಗೆ ಬಟ್ಟೆ ತುರುಕಿ, ಈಗ ಧ್ವನಿ ಬೇಜಾರು ಅಂತೀಯಲ್ಲ, ನಾಚಿಕೆ ಆಗಲ್ವಾ?”

“ಕೂಗಾಡಬೇಡ. ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ.”

“ಯಾರಿಗೆ ಗೊತ್ತಾಗತ್ತೆ? ಅಮ್ಮನ ಕಾಲ ಮುಗೀತು ಅಂದ್ಕೊಂಡು ಸುಮ್ಮನಾದ್ರು. ಅವಳು ತಾನೇ ಜನಕ್ಕೆ ಬೇಡ ಅಂದ್ಕೊಂಡು ಕೊರಗ್ತಿದಾಳೆ.” ಅಡಾಪ್ಟರು ಕಿತ್ತು ಓಡ್ವಾರ್‌ನ ಎದೆಗೆ ಎಸೆದ. “ಎರಡೂ ಹಿಡಿಯೋ ಸೆಟ್ಟು ನನಗೆ ತೆಗೆದಿಡು. ನಾನೇ ಕೂರಿಸ್ಕೊಳ್ತೀನಿ. ನೀನು ಕೈ ಹಾಕಬೇಡ.”

ಅಮ್ಮನಿಗೆ ಫೋನು ಹಚ್ಚಿದ, ಹತ್ತಲಿಲ್ಲ. ಸ್ಟುಡಿಯೋದೊಳಗೆ ಅವಳು ಮೊಬೈಲ್ ಆರಿಸಿಡುವವಳು. ಹತ್ತಿದ್ದರೂ ಏನು ಪ್ರಯೋಜನ? ವಿಷಯ ಮುಟ್ಟಬೇಕಾದವರಿಗೇ ರೇಡಿಯೋ ಮುಟ್ಟುತ್ತಿರಲಿಲ್ಲ. ಆಚೆ ದಡಕ್ಕೆ ಕಾರು ದಾಟಿಸುವ ಏಳು ಗಂಟೆಯ ಫೆರಿಗೆ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ ಎಂದು ನೆನಪಾಗಿ ಕಡಲ ದಂಡೆಗೆ ಕಾರು ಓಡಿಸಿದ.

ಮೊದಲ ಕಾರಿನವನು ಗಾಜನ್ನು ಬೆರಳಷ್ಟೇ ಇಳಿಸಿದ. “ಅಡಾಪ್ಟರು ಕೀಳು, ಒಂದನೇ ಬಟನ್ ಒತ್ತು,” ಎಂದ ವೆಗಾರ್.

“ಕುಡಿದಿದೀಯಾ?”

“ಕುಡಿದಿದ್ರೆ ಇನ್ನೂ ಮರ್ಯಾದೆಯಿಂದ ಕೇಳ್ತಿದ್ದೆ.”

ಗಾಜು ಮೇಲೇರಿತು. ಎರಡನೆಯ ಕಾರಿನ ಹೆಂಗಸು ಹೆದರಿ ಬಾಗಿಲು ಲಾಕ್ ಮಾಡಿಕೊಂಡಳು. ಮೂರನೆಯದರಲ್ಲಿ ಆಚೆ ದಡದ ತೂರ್ದಿಸ್ ಇದ್ದಳು, ವೃದ್ಧಾಶ್ರಮದಲ್ಲಿ ಪಾಳಿ ಮುಗಿಸಿ ಹೊರಟವಳು.

“ಸಿನ್ನೆವೆ ಮಗ ಅಲ್ವಾ? ನಿಮ್ಮಮ್ಮ ಬಿಂಗೋ ಬಿಟ್ಟು ಎಷ್ಟು ದಿನ ಆಯ್ತಪ್ಪಾ? ನಾನು ಮಾತ್ರ ಹುಚ್ಚಿ ಥರ ವಾರವಾರ ಪುಸ್ತಕ ತಗೊಳ್ತಾ ಇದೀನಿ.”

“ಬಿಟ್ಟಿಲ್ಲ. ಇವತ್ತು ಬಿಡ್ತಾಳೆ,” ಎಂದು ಕೇಳದೆಯೇ ಒಳಗೆ ಕೈ ಚಾಚಿ ಅಡಾಪ್ಟರು ಕಿತ್ತ. ಗೊರಗೊರ ಸದ್ದಿನ ಹಿಂದಿನಿಂದ ಅಮ್ಮ ಎದ್ದು ಬಂದಳು. ಖಾಲಿ ಕೋಣೆಯಲ್ಲಿ ಓದುವವಳಂತೆ ಅಂಕಿ ಓದುತ್ತಿದ್ದಳು.

ತೂರ್ದಿಸ್ ಕನ್ನಡಕ ಹುಡುಕಿದಳು, ಪುಸ್ತಕ ತೆಗೆದಳು, ನಾಲ್ಕು ಅಂಕಿ ತಪ್ಪಿಸಿಕೊಂಡಳು, ಸಿಡುಕಿದಳು. ಅಷ್ಟರಲ್ಲಿ ಸಿನ್ನೆವೆ ಓದುವುದನ್ನು ನಿಲ್ಲಿಸಿ, “ಕೇಳ್ತಾ ಇರೋರು ಯಾರಾದ್ರೂ ಇದ್ರೆ, ಒಂದು ಮಾತು ಹೇಳಬೇಕು,” ಎಂದಳು.

“ಫೋನು ಮಾಡು,” ಎಂದು ವೆಗಾರ್ ಅರಚಿದ.

“ಮಾಡ್ತಾನೇ ಇದೀನಲ್ಲ, ಅರಚಬೇಡ.”

ರೇಡಿಯೋದೊಳಗೆ ಫೋನು ಬಡಿದುಕೊಂಡಿತು. “ಏನೇ ಸಿನ್ನೆವೆ, ರೈಲು ಹಿಡಿಯೋಳ ಥರ ಓದಿಬಿಟ್ಟೆಯಲ್ಲ,” ಎಂದು ತೂರ್ದಿಸ್ ಹರಿಹಾಯ್ದಳು. “ಮೊದಲಿಂದ ಓದು.”

ಆ ಕಡೆ ಮೂಗು ಒರೆಸಿಕೊಂಡಂತಾಯಿತು.

“ಮೊದಲಿಂದ ಓದೋಕಾಗಲ್ಲ ತೂರ್ದಿಸ್, ಅದು ನಿಯಮ ಅಲ್ಲ,” ಎಂದಳು ಸಿನ್ನೆವೆ ಗಡುಸಾಗಿ. “ಆಡೋದಿದ್ರೆ ಹೊತ್ತಿಗೆ ಸರಿಯಾಗಿ ರೇಡಿಯೋ ಹಾಕು. ಮುಂದಿನ ಮಂಗಳವಾರ ನಿನಗೋಸ್ಕರ ನಿಧಾನ ಓದ್ತೀನಿ. ಈಗ ಪೆನ್ನು ಹಿಡಿ.”

ಫೆರಿ ಇನ್ನೂ ದೂರದಲ್ಲಿತ್ತು. ವೆಗಾರ್ ನಾಲ್ಕನೆಯ ಕಾರಿನ ಗಾಜು ಗುದ್ದಿದ.